ಕಡಗೋಲಿನ ಹಗ್ಗ ಎಲ್ಲಿಗೂ ಹೋಗುವುದಿಲ್ಲ

ಪಕ್ಕದ ಮನೆಯ ಮೇಷ್ಟ್ರು ನಿವೃತ್ತಿಯ ಹಣದಲ್ಲಿ ತಾರಸಿಯ ಮೇಲೆ ಮೂರು ಕಿಲೋವ್ಯಾಟ್‌ನ ಸೋಲಾರ್ ಹಾಕಿಸಿದರು. ಹದಿನೈದು ದಿನ ಕಳೆದಿರಬಹುದು, ಒಂದು ಮಧ್ಯಾಹ್ನ ಬೀದಿಗೆಲ್ಲ ಕರೆಂಟ್ ಹೋಯಿತು. ಅವರ ಮನೆಯಲ್ಲೂ ಹೋಯಿತು. ಮೇಲೆ ಬೆಂಕಿಯಂಥ ಬಿಸಿಲು, ಕೆಳಗೆ ನಿಂತ ಫ್ಯಾನು. ಬನಿಯನ್ನಿನಲ್ಲೇ ಗೇಟಿನ ಬಳಿ ಬಂದವರು, "ಇಷ್ಟು ದುಡ್ಡು ಸುರಿದಿದ್ದೇನೆ ಸ್ವಾಮಿ, ನನ್ನ ಸೂರ್ಯನ ಕರೆಂಟು ಮನೆಯೊಳಗೆ ಹರಿಯುತ್ತಿದೆಯೋ, ಸೀದಾ ಕಂಬಕ್ಕೆ ಹರಿದುಹೋಗುತ್ತಿದೆಯೋ?" ಎಂದು ನನ್ನನ್ನೇ ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿದರು.

ಎಡವಟ್ಟೆಲ್ಲ ಆ "ಹರಿಯುವುದು" ಎಂಬ ಮಾತಿನಲ್ಲಿದೆ. ಪಠ್ಯಪುಸ್ತಕ ನಮಗೆ "ವಿದ್ಯುತ್ ಪ್ರವಾಹ" ಎಂದು ಕಲಿಸಿತು, ನಾವು ನಲ್ಲಿಯ ನೀರನ್ನು ಕಲ್ಪಿಸಿಕೊಂಡು ಪಾಸಾದೆವು. ಜಲವಿದ್ಯುತ್ತಿನ ವಿಚಾರ ಬಂದರೆ "ಕರೆಂಟು ತೆಗೆದ ನೀರಿನಲ್ಲಿ ಸತ್ವ ಇರುವುದಿಲ್ಲ, ಹಾಯಿಸಿದರೆ ಬೆಳೆ ಜೊಳ್ಳಾಗುತ್ತದೆ" ಎನ್ನುವ ಹಿರಿಯರನ್ನು ಚಿಕ್ಕಂದಿನಲ್ಲಿ ನಾನು ಕಂಡಿದ್ದೇನೆ. ಈಗ ಅದನ್ನು ಕೇಳಿ ನಗುತ್ತೇವೆ. ಆದರೆ "ನಮ್ಮ ಮನೆಗೆ ಬರುವುದು ಗಾಳಿಯ ಕರೆಂಟೋ ಕಲ್ಲಿದ್ದಲಿನದೋ" ಎಂದು ವಿಚಾರಿಸುವ ಓದಿದವರೂ ಅದೇ ದೋಣಿಯಲ್ಲಿ ಕೂತಿದ್ದಾರೆ. ಇಬ್ಬರಿಗೂ ವಿದ್ಯುತ್ತು ಎಂದರೆ ಒಂದು ಸರಕು, ಮೂಟೆ ಕಟ್ಟಿ ಕಳಿಸುವಂಥದ್ದು.

ಮಜ್ಜಿಗೆ ಕಡೆಯುವುದನ್ನು ನೋಡಿದ್ದೀರಲ್ಲ. ಕಂಬಕ್ಕೆ ಆನಿಸಿದ ಕಡಗೋಲು, ಅದಕ್ಕೆ ಸುತ್ತಿದ ಹಗ್ಗ. ಅಜ್ಜಿ ಹಗ್ಗದ ಒಂದು ತುದಿಯನ್ನು ಎಳೆಯುತ್ತಾಳೆ, ಇನ್ನೊಂದನ್ನು ಬಿಡುತ್ತಾಳೆ. ಅರ್ಧ ಗಂಟೆಯ ಹೊತ್ತಿಗೆ ಬೆಣ್ಣೆ ತೇಲುತ್ತದೆ. ಹಗ್ಗ ಎಲ್ಲಿಗೆ ಹೋಯಿತು? ಎಲ್ಲಿಗೂ ಇಲ್ಲ. ಅಜ್ಜಿಯ ತೋಳಿನ ಶಕ್ತಿ ಮಾತ್ರ ಗಡಿಗೆಗೆ ಇಳಿಯಿತು. ನಮ್ಮ ಮನೆಯ ಕರೆಂಟು ಅಕ್ಷರಶಃ ಇದೇ: ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ. ಮೂರು ಸೀಲಿಂಗ್ ಫ್ಯಾನ್ ತಿರುಗಿಸಲು ಸುಮಾರು ಒಂದು ಆಂಪಿಯರ್ ಬೇಕು. ಒಂದೂವರೆ ಚದರ ಮಿಲಿಮೀಟರ್‌ನ ತಾಮ್ರದ ತಂತಿಯಲ್ಲಿ ಅಷ್ಟು ಕರೆಂಟಿಗೆ ಇಲೆಕ್ಟ್ರಾನುಗಳು ಎಷ್ಟು ದೂರ ಜೀಕುತ್ತವೆ ಎಂದು ಲೆಕ್ಕ ಹಾಕಿದರೆ ತಲೆಗೂದಲಿನ ದಪ್ಪದ ನೂರನೆಯ ಒಂದು ಪಾಲೂ ಬರುವುದಿಲ್ಲ. ನಿಮ್ಮ ಗೋಡೆಯೊಳಗಿನ ಇಲೆಕ್ಟ್ರಾನುಗಳು ವೈರಿಂಗ್ ಆದಾಗಿನಿಂದ ಬಹುಮಟ್ಟಿಗೆ ಅಲ್ಲೇ ಬಿದ್ದಿವೆ.

ನಂಬಿಕೆ ಬಾರದಿದ್ದರೆ ಬೀದಿ ಕೊನೆಯ ಟಿ.ಸಿ.ಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು ನೋಡಿ. ಹನ್ನೊಂದು ಸಾವಿರ ವೋಲ್ಟಿನ ತಂತಿ ಅದರೊಳಗೆ ಒಂದು ಸುರುಳಿಯಾಗಿ ಮುಗಿಯುತ್ತದೆ, ಮನೆಗೆ ಬರುವ ತಂತಿ ಇನ್ನೊಂದು ಸುರುಳಿಯಾಗಿ ಶುರುವಾಗುತ್ತದೆ. ಎರಡಕ್ಕೂ ನಡುವೆ ತಾಮ್ರದ ಸಂಬಂಧವೇ ಇಲ್ಲ, ದಾಟುವುದು ಕಾಂತದ ಕುಲುಕಾಟವೊಂದೇ. ಪಾವಗಡದ ಸೋಲಾರ್ ಪಾರ್ಕಿನ ಇಲೆಕ್ಟ್ರಾನು ನಿಮ್ಮ ಮನೆಗೆ ಬರಬೇಕೆಂದರೂ ದಾರಿಯಿಲ್ಲ.

ಹಾಗಾದರೆ ಗ್ರಿಡ್ ಎನ್ನುವ ಈ ವಿದ್ಯುತ್ ಜಾಲ ಎಂದರೇನು? ತೇರು. ದೇಶದ ಬಹುತೇಕ ವಿದ್ಯುತ್ ಸ್ಥಾವರಗಳು ಒಂದೇ ಮಿಣಿಗೆ ಕೈ ಹಾಕಿ, ಒಂದೇ ತಾಳಕ್ಕೆ ಎಳೆಯುತ್ತವೆ. ತೇರಿನ ವೇಗವೇ ಸೆಕೆಂಡಿಗೆ ಆ ಐವತ್ತು ಸಲ. ಹೆಚ್ಚು ಮನೆಗಳಲ್ಲಿ ಗೀಜರ್ ಹಾಕಿದರೆ ತೇರಿಗೆ ಏರು ಸಿಕ್ಕಿದ ಹಾಗೆ, ವೇಗ ಕೊಂಚ ಕುಗ್ಗುತ್ತದೆ, ಯಾರೋ ಇನ್ನಷ್ಟು ಬಲ ಹಾಕಬೇಕು. 49.90ರಿಂದ 50.05ರ ನಡುವೆ ಅದನ್ನು ಹಿಡಿದಿಡಲು ಹಗಲಿರುಳು ಕಣ್ಣಿಟ್ಟು ಕೂತವರಿದ್ದಾರೆ. ಗುಂಪಿನಲ್ಲಿ ಯಾರ ಎಳೆತಕ್ಕೆ ತೇರಿನ ಯಾವ ಗಾಲಿ ಉರುಳಿತು ಎಂದು ಕೇಳಿದರೆ ದೇವರೂ ಹೇಳಲಾರ.

2012ರ ಜುಲೈ 30 ಮತ್ತು 31ರಂದು ಉತ್ತರದ ತೇರು ಮುಗ್ಗರಿಸಿ ಅರ್ಧ ದೇಶ ಕತ್ತಲಾಯಿತು. ಆಗ ನಮ್ಮಲ್ಲಿ ದೀಪ ಉರಿಯುತ್ತಿತ್ತು, ಏಕೆಂದರೆ ದಕ್ಷಿಣದ ತೇರೇ ಬೇರೆಯಿತ್ತು. ಮಿಣಿಗಳನ್ನು ಬೆಸೆದು ಒಂದೇ ತಾಳಕ್ಕೆ ತಂದದ್ದು ರಾಯಚೂರು–ಸೊಲ್ಲಾಪುರ ವಿದ್ಯುತ್ ಮಾರ್ಗ, 2013ರ ಡಿಸೆಂಬರ್ 31ರಂದು. ಊರೂರ ಜಾತ್ರೆಯನ್ನು ವರದಿ ಮಾಡುವ ನಮ್ಮ ಪತ್ರಿಕೆಗಳು ಈ ಮಹಾರಥೋತ್ಸವಕ್ಕೆ ಕೊಟ್ಟ ಜಾಗ ಸಾಲದು ಎಂಬುದು ನನ್ನ ಹಳೆಯ ದೂರು.

ಮೇಷ್ಟ್ರ ಇನ್ವರ್ಟರ್‌ಗೆ, ಅಂದರೆ ಸೋಲಾರ್ ಕರೆಂಟನ್ನು ಜಾಲಕ್ಕೆ ಹೊಂದಿಸುವ ಪೆಟ್ಟಿಗೆಗೆ ಬರೋಣ. ಅದು ಮಿಣಿಗೆ ಹೊಸದಾಗಿ ಕೈ ಹಾಕಿದ ಹುಡುಗ. ತನ್ನದೇ ತಾಳ ಅದಕ್ಕಿಲ್ಲ, ಜಾಲದ ತಾಳ ಕೇಳಿಸಿಕೊಂಡು ಎಳೆಯುತ್ತದೆ. ತಾಳ ನಿಂತರೆ ಕೂಡಲೇ ಕೈಬಿಡಬೇಕು, ಹಾಗೆಂದೇ ಅದನ್ನು ರೂಪಿಸಿದ್ದಾರೆ. ಬಿಡದಿದ್ದರೆ ಏನಾಗುತ್ತದೆ? ಟಿ.ಸಿ.ಗೆ ಮುಮ್ಮುಖ ಹಿಮ್ಮುಖ ಎಂಬ ಭೇದವಿಲ್ಲ. ತಾರಸಿಯಿಂದ ಹೊರಟ 230 ವೋಲ್ಟು ಅದರ ಆಚೆ ಬದಿಯಲ್ಲಿ ಹನ್ನೊಂದು ಸಾವಿರವಾಗಿ ಏಳಬಹುದು, ಕರೆಂಟಿಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಅಲ್ಲಿ ತಂತಿ ಹಿಡಿದಿರುತ್ತಾನೆ. ಕರೆಂಟ್ ಹೋದಾಗಲೂ ಫ್ಯಾನ್ ತಿರುಗಬೇಕಿದ್ದರೆ ಬ್ಯಾಟರಿಯೂ ಬೇಕು, ಮನೆಯನ್ನು ಬೀದಿಯಿಂದ ಬಿಡಿಸಿಕೊಂಡು ತಾನೇ ತಾಳ ಹಾಕಬಲ್ಲ ಇನ್ವರ್ಟರೂ ಬೇಕು. ಇದನ್ನು ಮಾರಾಟದವರು ಮೊದಲೇ ಹೇಳಬೇಕಿತ್ತು.

ಹಾಗೆ ನೋಡಿದರೆ ನವೀಕರಿಸಬಹುದಾದ ವಿದ್ಯುತ್ತು ನಮಗೆ ಹೊಸತಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿ ಕೋಲಾರದ ಚಿನ್ನದ ಗಣಿಯ ಯಂತ್ರಗಳನ್ನು ತಿರುಗಿಸಿತು, ಅಷ್ಟು ದೂರದ ತಂತಿಮಾರ್ಗ ಆಗ ಜಗತ್ತಿನಲ್ಲೇ ಅಪರೂಪ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದೂ ಅದೇ ನೀರಿನಿಂದ. ಹೊಗೆ ನಮ್ಮ ಕರೆಂಟಿಗೆ ಆಮೇಲೆ ಅಂಟಿಕೊಂಡದ್ದು.

ಯಾರ ಎಳೆತ ಎಂದು ಆರಿಸಲಾಗದಿದ್ದರೆ ಮನೆಯವರಿಗೆ ಉಳಿದದ್ದೇನು? ಒಂದು, ಮೇಷ್ಟ್ರಂತೆ ಮಿಣಿಗೆ ಒಂದು ಕೈ ಸೇರಿಸುವುದು. ಮೂರು ಕಿಲೋವ್ಯಾಟ್ ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ ಹನ್ನೆರಡು ಯೂನಿಟ್ ಕೊಡುತ್ತದೆ, ನೆರಳು ಬೀಳದಿದ್ದರೆ. 2024ರ ಸೂರ್ಯಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಹಾಯಧನವೂ ಇದೆ. ಇನ್ನೊಂದು, ಹೆಚ್ಚಿನವರು ಯೋಚಿಸದ್ದು: ಕರೆಂಟು ಬಳಸುವ ಹೊತ್ತು ಆರಿಸುವುದು. ಪಾವಗಡದ 2,050 ಮೆಗಾವ್ಯಾಟ್ ಮಧ್ಯಾಹ್ನ ಹುರುಪಿನಿಂದ ಎಳೆದು ಸಂಜೆ ಮಿಣಿ ಬಿಟ್ಟು ಹೊರಡುತ್ತದೆ. ಅದೇ ಹೊತ್ತಿಗೆ ನಾವು ದೀಪ, ಟಿವಿ, ಮೋಟಾರು ಎಲ್ಲ ಹಾಕುತ್ತೇವೆ. ಶರಾವತಿ ಕೆಲವೇ ನಿಮಿಷಗಳಲ್ಲಿ ಕೈ ಕೊಡಬಲ್ಲಳು. ರಾಯಚೂರಿನ ಕಲ್ಲಿದ್ದಲಿನ ಬಾಯ್ಲರ್‌ಗೆ ತಣ್ಣಗಿದ್ದರೆ ಗಂಟೆಗಟ್ಟಲೆ ಬೇಕು, ಆದ್ದರಿಂದ ಸಂಜೆಗೆಂದು ಅದನ್ನು ಹಗಲೆಲ್ಲ ಬೆಚ್ಚಗಿಡುತ್ತಾರೆ.

ಬೆಳಗಿನ ಗೀಜರ್ ಇನ್ನೂ ಕೆಟ್ಟದ್ದು, ಸೂರ್ಯ ಏಳುವ ಮೊದಲೇ ಹೊತ್ತುತ್ತದೆ. ನೂರು ಲೀಟರ್ ನೀರನ್ನು ಮೂವತ್ತು ಡಿಗ್ರಿ ಏರಿಸಲು ಮೂರೂವರೆ ಯೂನಿಟ್ ಬೇಕು. ತಾರಸಿಯ ಸೋಲಾರ್ ಹೀಟರ್ ಅದನ್ನು ನಿನ್ನೆಯ ಬಿಸಿಲಿನಲ್ಲೇ ಮುಗಿಸಿ, ರಾತ್ರಿಯೆಲ್ಲ ಬಿಸಿಯನ್ನು ಕಾಪಾಡಿ ಇಟ್ಟಿರುತ್ತದೆ. ಬ್ಯಾಟರಿಯ ಮಾತೆತ್ತಿದರೆ ಎಲ್ಲರೂ ಲಿಥಿಯಂ ಎನ್ನುತ್ತಾರೆ, ತಲೆಯ ಮೇಲಿರುವ ಬಿಸಿನೀರಿನ ಡ್ರಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೇಷ್ಟ್ರು ಇದನ್ನೆಲ್ಲ ಕೇಳಿಸಿಕೊಂಡು ಮರುದಿನದಿಂದ ನೀರಿನ ಮೋಟಾರನ್ನು ಹನ್ನೊಂದು ಗಂಟೆಗೆ ಹಾಕತೊಡಗಿದರು. ಬಟ್ಟೆಯ ಮಷೀನು ಹನ್ನೆರಡಕ್ಕೆ. ಆವೇಶ ಹೆಚ್ಚಾಗಿ ಅಕ್ಕಿ ರುಬ್ಬುವ ಗ್ರೈಂಡರನ್ನೂ ರಾತ್ರಿಯಿಂದ ಮಧ್ಯಾಹ್ನಕ್ಕೆ ತಂದರು, ಅದರಿಂದ ಉಳಿಯುವುದು ಚಿಲ್ಲರೆ ಎಂದರೂ ಕೇಳಲಿಲ್ಲ. ಮೊನ್ನೆ ಅವರ ಮನೆಯಾಕೆ ದೋಸೆ ತಂದುಕೊಟ್ಟು ಹೋದರು. ನಡುಹಗಲಿಗೆ ರುಬ್ಬಿದ ಹಿಟ್ಟು ಬೆಳಗಿನ ಹೊತ್ತಿಗೆ ಎಷ್ಟು ಹುಳಿ ಬರುತ್ತದೆ ಎಂಬುದನ್ನು ವಿಜ್ಞಾನ ಹೇಳಿಕೊಟ್ಟವರೂ ತಿಂದು ನೋಡಲಿ ಎಂದು.