ಗ್ರೂನರ್ ಕೊಳ್ಳುವ ಮುನ್ನ ಆಲ್ಕೋಹಾಲ್ ಅಂಕಿ ಓದಿ

"ಒಂದು ಒಳ್ಳೆ ಗ್ರೂನರ್ ಕೊಡಿ" ಎನ್ನುವವರಿಗೆ ಎಷ್ಟು ಸಲ ಹೇಳಿದರೂ ಸಾಲದು: ಗ್ರೂನರ್ ಎಂದರೆ ಒಂದೇ ಬಗೆಯ ವೈನ್ ಅಲ್ಲ. ಆಸ್ಟ್ರಿಯಾದ ದ್ರಾಕ್ಷಿತೋಟಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗ್ರೂನರ್ ವೆಲ್ಟ್ಲೀನರ್ ಎಂಬ ಬಿಳಿ ದ್ರಾಕ್ಷಿ ತಳಿಯದೇ. ಬಾಯಾರಿಕೆಗೆ ಕುಡಿಯುವಷ್ಟು ಹಗುರಾದದ್ದೂ ಅದರಿಂದಲೇ ಬರುತ್ತದೆ, ಹುರಿದ ಹಂದಿಮಾಂಸದ ಎದುರು ನಿಲ್ಲುವಷ್ಟು ಗಟ್ಟಿಯಾದದ್ದೂ ಅದರಿಂದಲೇ. ಹೀಗಿರುವಾಗ ತಳಿಯ ಹೆಸರೊಂದನ್ನೇ ನೋಡಿ ಊಟಕ್ಕೆ ಜೋಡಿಸಿದರೆ ಕೆಡುವುದೇ ಹೆಚ್ಚು.

ಮೆಲ್ಕ್ ಮತ್ತು ಕ್ರೆಮ್ಸ್ ಊರುಗಳ ನಡುವೆ ಡ್ಯಾನ್ಯೂಬ್ ನದಿಯ ದಂಡೆಯಲ್ಲಿರುವ ವಾಖಾವ್ ಕಣಿವೆಯವರು ಈ ಗೊಂದಲಕ್ಕೆ ಪರಿಹಾರವನ್ನು ಲೇಬಲ್ ಮೇಲೆಯೇ ಬರೆದಿದ್ದಾರೆ. 1983ರಲ್ಲಿ ಹುಟ್ಟಿದ ಅಲ್ಲಿನ ಬೆಳೆಗಾರರ ಸಂಘ ವಿನೇಯಾ ವಾಖಾವ್ ಮೂರು ದರ್ಜೆಗಳನ್ನು ಬಳಸುತ್ತದೆ. ಶ್ಟೈನ್‌ಫೇಡರ್‌ನಲ್ಲಿ ಆಲ್ಕೋಹಾಲ್ ಶೇ. 11.5ನ್ನು ಮೀರುವಂತಿಲ್ಲ. ಫೇಡರ್ಶ್ಪೀಲ್ 11.5ರಿಂದ 12.5. ಸ್ಮರಾಗ್ಡ್ 12.5 ಅಥವಾ ಅದಕ್ಕಿಂತ ಮೇಲೆ. ಲೇಬಲ್‌ನಲ್ಲಿ ಅಂಕಿ ಅರ್ಧ ಅರ್ಧ ಹೆಜ್ಜೆಯಲ್ಲಿ ಅಚ್ಚಾಗುವುದರಿಂದ 12.5 ಎಂದಿದ್ದರೆ ಕೊನೆಯ ಎರಡರಲ್ಲಿ ಯಾವುದೂ ಆಗಿರಬಹುದು. ಆಗ ದರ್ಜೆಯ ಹೆಸರನ್ನೇ ಓದಬೇಕು. ಸಂಘದ ಸದಸ್ಯರಲ್ಲದವರ ಬಾಟಲಿಯಲ್ಲಿ ಈ ಹೆಸರುಗಳಿರುವುದಿಲ್ಲ. ವೈನ್‌ಫಿಯರ್ಟೆಲ್ ಡಿ.ಎ.ಸಿ. (ಆಸ್ಟ್ರಿಯಾದ ಇನ್ನೊಂದು ವೈನ್ ಪ್ರದೇಶದ ಹೆಸರು, ಜೊತೆಗೆ ಆ ಮೂಲದ್ದೇ ಎಂದು ಖಾತ್ರಿ ಕೊಡುವ ಮುದ್ರೆ) ಬಾಟಲಿಯಾದರೆ ಆಲ್ಕೋಹಾಲ್ ಕನಿಷ್ಠ 12, ರಿಸರ್ವ್ ಎಂದಿದ್ದರೆ ಕನಿಷ್ಠ 13.

ಅರ್ಧ ಶೇಕಡಾದಲ್ಲಿ ಏನಿದೆ ಎನ್ನುತ್ತಾರೆ. ಹಣ್ಣು ಬಳ್ಳಿಯಲ್ಲಿ ಹೆಚ್ಚು ದಿನ ಉಳಿದಷ್ಟೂ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಹುದುಗುವಾಗ ಆ ಸಕ್ಕರೆಯೇ ಆಲ್ಕೋಹಾಲ್ ಆಗುತ್ತದೆ, ಹಾಗಾಗಿ ಸ್ಮರಾಗ್ಡ್ ಭಾರವಾದರೂ ಸಿಹಿಯಲ್ಲ. ಬೇಗ ಕೊಯ್ದದ್ದರಲ್ಲಿ ಹಸಿರು ಸೇಬು, ನಿಂಬೆ, ಬಿಳಿ ಕಾಳುಮೆಣಸಿನ ಘಮ ಮುಂದಿರುತ್ತದೆ. ತಡವಾಗಿ ಕೊಯ್ದದ್ದು ಪೀಚ್, ಜೇನಿನ ಕಡೆ ವಾಲುತ್ತದೆ, ಬಾಯಲ್ಲಿ ಎಣ್ಣೆಯಂತೆ ಹರಡುತ್ತದೆ. ಮೆಣಸಿನ ಘಮಕ್ಕೆ ಕಾರಣ ಸಿಪ್ಪೆಯಲ್ಲಿರುವ ರೋಟಂಡೋನ್, ಕಾಳುಮೆಣಸಿನಲ್ಲೂ ಇರುವ ಅದೇ ವಸ್ತು.

ಊಟದ ಮಾತಿಗೆ ಬಂದರೆ, ತಣ್ಣನೆ ಮಾಂಸದ ಹೋಳು, ಸಲಾಡ್‌ಗೆ ಶ್ಟೈನ್‌ಫೇಡರ್ ಸಾಕು. ಮಾಂಸವನ್ನು ತೆಳುವಾಗಿ ಬಡಿದು ಬ್ರೆಡ್ ಪುಡಿಯಲ್ಲಿ ಕರಿದ ವೀನರ್ ಶ್ನಿಟ್ಸೆಲ್‌ಗೆ ಫೇಡರ್ಶ್ಪೀಲ್. ಪಕ್ಕದಲ್ಲಿಡುವ ನಿಂಬೆ ಹೋಳಿನ ಕೆಲಸವನ್ನೇ ಅದರ ಹುಳಿಯೂ ಮಾಡಿ ಜಿಡ್ಡು ಕತ್ತರಿಸುತ್ತದೆ. ಬೇಯಿಸಿದ ದನದ ಮಾಂಸ, ಜೊತೆಗೆ ಸೇಬು ಬೆರೆಸಿದ ಖಾರದ ಬೇರು ಹಾರ್ಸ್‌ರ‍್ಯಾಡಿಶ್ ಇರುವ ಟಾಫೆಲ್ಶ್ಪಿಟ್ಸ್‌ಗೆ ಸ್ಮರಾಗ್ಡ್. ಶತಾವರಿ ಚಿಗುರು (ಆಸ್ಪರಾಗಸ್) ಬಹಳಷ್ಟು ವೈನ್‌ಗಳನ್ನು ಕಹಿ ಮಾಡಿಬಿಡುತ್ತದೆ, ಗ್ರೂನರ್ ತಾಳಿಕೊಳ್ಳುತ್ತದೆ: ಬರೀ ಬೆಣ್ಣೆಯಿದ್ದರೆ ಫೇಡರ್ಶ್ಪೀಲ್, ಮೊಟ್ಟೆ, ಬೆಣ್ಣೆಯ ಹಾಲಂಡೇಸ್ ಸಾಸ್ ಸುರಿದಿದ್ದರೆ ಸ್ಮರಾಗ್ಡ್.

ನಮ್ಮ ಖಾರದ ಮೀನು ಸಾರಿಗೆ "ದುಬಾರಿಯದ್ದು ಇರಲಿ" ಎಂದು ಸ್ಮರಾಗ್ಡ್ ತೆರೆಯುವವರನ್ನು ಕಂಡರೆ ಸಂಕಟವಾಗುತ್ತದೆ. ಆಲ್ಕೋಹಾಲ್ ಹೆಚ್ಚಿದಷ್ಟೂ ಮೆಣಸಿನಕಾಯಿಯ ಉರಿ ಹೆಚ್ಚುತ್ತದೆ. 12ರೊಳಗಿನದ್ದನ್ನು ಆರಿಸಿ. ಎಲ್ಲರ ನಾಲಿಗೆಯೂ ಒಂದೇ ತೆರನಲ್ಲ, ಆದರೂ ಈ ಕಡೆ ತಪ್ಪುವ ಸಂಭವ ಕಡಿಮೆ.

ಇನ್ನೊಂದು ಬಿಳಿ ತಳಿಯಾದ ರೀಸ್ಲಿಂಗ್‌ಗೂ ವಾಖಾವ್‌ನಲ್ಲಿ ಇವೇ ದರ್ಜೆಗಳು. ಕೆಂಪಿನಲ್ಲಿ ತ್ಸ್ವೈಗೆಲ್ಟ್, 1922ರಲ್ಲಿ ಸಾಂಕ್ಟ್ ಲಾರೆಂಟ್ ಮತ್ತು ಬ್ಲೌಫ್ರೆಂಕಿಶ್ ಕೂಡಿಸಿ ಬೆಳೆಸಿದ ತಳಿ, ಚೆರಿಯ ರುಚಿಯದು. 14ರಿಂದ 16 ಡಿಗ್ರಿಯಲ್ಲಿ ಚೆನ್ನ.

ಬಿಳಿಯದ್ದನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಬಗ್ಗಿಸಬೇಡಿ. 4 ಡಿಗ್ರಿಯಲ್ಲಿ ಘಮ ಏಳುವುದಿಲ್ಲ, ಹುಳಿಯೊಂದೇ ಚುಚ್ಚುತ್ತದೆ. ಹಗುರಾದದ್ದಕ್ಕೆ 8ರಿಂದ 10, ಸ್ಮರಾಗ್ಡ್‌ಗೆ 10ರಿಂದ 12 ಡಿಗ್ರಿ. ಸ್ಮರಾಗ್ಡ್ ಬಾಟಲಿಯನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ, ದೊಡ್ಡ ಲೋಟ ಬಳಸಿ. ಒಳ್ಳೆಯ ಸ್ಮರಾಗ್ಡ್ ಹತ್ತು ವರ್ಷ ಬಾಳಬಲ್ಲದು. ಶ್ಟೈನ್‌ಫೇಡರ್ ಅನ್ನು ವಿಶೇಷ ದಿನಕ್ಕೆಂದು ಕೂಡಿಡಬೇಡಿ, ಒಂದೆರಡು ವರ್ಷದೊಳಗೆ ಕುಡಿದು ಮುಗಿಸಿ.