ಬಿಗ್ ಫೈವ್ ಅಂದ್ರೆ ಐದು ದೊಡ್ಡ ಪ್ರಾಣಿ ಅಲ್ಲ ಮಾರಾಯ್ರೆ

ವಾಟ್ಸಾಪ್ ಗ್ರೂಪಲ್ಲಿ ಮತ್ತೊಂದು ಟೂರ್ ಪೋಸ್ಟರ್ ಬಂತು. ಕೀನ್ಯಾ, ಟಾಂಜಾನಿಯಾ, ಸಸ್ಯಾಹಾರಿ ಊಟದ ವ್ಯವಸ್ಥೆ ಇದೆ ಅಂತೆಲ್ಲ ಬರೆದು ಕೆಳಗೆ ದಪ್ಪ ಅಕ್ಷರದಲ್ಲಿ ‘ಆಫ್ರಿಕಾದ ಐದು ದೊಡ್ಡ ಪ್ರಾಣಿಗಳು ಬಿಗ್ ಫೈವ್ ಅನ್ನು ಕಣ್ತುಂಬಿಕೊಳ್ಳಿ’. ಪಕ್ಕದಲ್ಲಿ ಐದು ಫೋಟೋ: ಆನೆ, ಸಿಂಹ, ಜಿರಾಫೆ, ನೀರಾನೆ, ಚೀತಾ. ಐದರಲ್ಲಿ ಸರಿ ಇರೋದು ಎರಡು. ಇದು ಒಂದು ಪೋಸ್ಟರಿನ ಕಥೆ ಅಲ್ಲ, ಪ್ರವಾಸ ಕಥನ ಬರೆಯೋರು, ಯೂಟ್ಯೂಬಲ್ಲಿ ವ್ಲಾಗ್ ಮಾಡೋರು, ಪೇಪರಿನ ಭಾನುವಾರದ ಪುರವಣಿ, ಎಲ್ಲ ಕಡೆ ಇದೇ ಹಾಡು, ಅದಕ್ಕೇ ಒಂದ್ಸಲ ಕೂತು ಬರೆದುಬಿಡೋಣ ಅನ್ನಿಸ್ತು.

ಸರಿಯಾದ ಪಟ್ಟಿ ಇಷ್ಟೇ: ಸಿಂಹ, ಚಿರತೆ, ಆನೆ, ಘೇಂಡಾಮೃಗ, ಆಫ್ರಿಕಾದ ಕಾಡುಎಮ್ಮೆ. ದೊಡ್ಡದು ಅನ್ನೋದೇ ಲೆಕ್ಕ ಆಗಿದ್ರೆ ಚಿರತೆ ಇಲ್ಲಿ ಬರೋಕೆ ಸಾಧ್ಯಾನೇ ಇಲ್ಲ, ಹೆಣ್ಣು ಚಿರತೆ ಎಷ್ಟೋ ಸಲ ನಮ್ಮ ನಿಮ್ಮ ತೂಕಕ್ಕಿಂತ ಕಮ್ಮಿ ಇರತ್ತೆ. ಸಾವಿರ ಕೆಜಿ ದಾಟೋ ಜಿರಾಫೆ, ಅದಕ್ಕಿಂತ ದಪ್ಪಗಿರೋ ನೀರಾನೆ ಹೊರಗೆ ನಿಂತಿರುವಾಗ ಅರವತ್ತು ಕೆಜಿ ಚಿರತೆ ಒಳಗೆ ಹೆಂಗೆ ಬಂತು ಅಂತ ಯಾರಾದ್ರೂ ಒಂದು ನಿಮಿಷ ಕೇಳ್ಕೊಂಡಿದ್ರೆ ಈ ತಪ್ಪು ಆಗ್ತಾನೇ ಇರ್ಲಿಲ್ಲ.

ಇದು ಬೇಟೆಗಾರರ ಮಾತು. ಬಿಳಿಯರು ಕೋವಿ ಹಿಡ್ಕೊಂಡು ಆಫ್ರಿಕಾ ಸುತ್ತುತ್ತಿದ್ದ ಕಾಲದಲ್ಲಿ, ನೆಲದ ಮೇಲೆ ನಡ್ಕೊಂಡು ಹೋಗಿ ಹೊಡೆಯೋಕೆ ಯಾವ ಐದು ಪ್ರಾಣಿ ಕಷ್ಟ, ಯಾವುದು ತಿರುಗಿ ಬಿದ್ರೆ ಜೀವಕ್ಕೇ ಕುತ್ತು ಅನ್ನೋ ಲೆಕ್ಕ. ‘ನಡ್ಕೊಂಡು’ ಅನ್ನೋದನ್ನ ಗಮನಿಸಿ, ಇಡೀ ಪಟ್ಟಿ ನಿಂತಿರೋದು ಅದರ ಮೇಲೆ. ನೀರಾನೆ ಮನುಷ್ಯರನ್ನ ಕೊಲ್ಲೋದ್ರಲ್ಲಿ ಯಾರಿಗೂ ಕಮ್ಮಿ ಇಲ್ಲ, ಆದ್ರೆ ಹಗಲೆಲ್ಲ ನೀರಲ್ಲಿ ಬಿದ್ಕೊಂಡಿರತ್ತೆ, ದಡದಲ್ಲಿ ನಿಂತು ಹೊಡೆಯೋದ್ರಲ್ಲಿ ಆ ಸಾಹೇಬರಿಗೆ ಏನು ಹೆಗ್ಗಳಿಕೆ? ಜಿರಾಫೆ ಅರ್ಧ ಮೈಲಿ ದೂರದಿಂದಲೇ ಕಾಣತ್ತೆ. ಚೀತಾ ಮನುಷ್ಯನ್ನ ಕಂಡ್ರೆ ಓಡಿಹೋಗತ್ತೆ. ಆದ್ರೆ ಗಾಯ ಆದ ಕಾಡುಎಮ್ಮೆ ಪೊದೆಯೊಳಗೆ ಸೇರ್ಕೊಂಡು, ಹಿಂದೆ ಬಂದವನನ್ನ ಹೊಂಚು ಹಾಕಿ ತಿವಿಯತ್ತೆ ಅಂತ ಬೇಟೆಗಾರರು ಹೆದರ್ತಿದ್ರು. ಗಾಯಗೊಂಡ ಚಿರತೆ ಸದ್ದೇ ಮಾಡದೆ ಕೂತಿರತ್ತೆ, ಮಾರು ದೂರಕ್ಕೆ ಹೋಗೋವರೆಗೂ ಕಾಣಲ್ಲ. ಅದಕ್ಕೇ ಅದು ಪಟ್ಟಿಯಲ್ಲಿದೆ, ಗಾತ್ರಕ್ಕಲ್ಲ.

ಅಂಥ ಬೇಟೆ ಹೆಂಗಿರ್ತಿತ್ತು ಅನ್ನೋದಕ್ಕೆ ಅಮೆರಿಕದ ಥಿಯೋಡರ್ ರೂಸ್ವೆಲ್ಟ್ ಸಾಕು. ಅಧ್ಯಕ್ಷ ಪದವಿ ಮುಗಿದ ಕೂಡ್ಲೇ 1909ರಲ್ಲಿ ಮಗನನ್ನ ಕರ್ಕೊಂಡು ಕೀನ್ಯಾದ ಮೊಂಬಾಸಾದಲ್ಲಿ ಇಳಿದು, ಮ್ಯೂಸಿಯಂಗೆ ಮಾದರಿ ಬೇಕು ಅಂತ ಅಪ್ಪ ಮಗ ಸೇರಿ ಐನೂರಕ್ಕೂ ಹೆಚ್ಚು ಪ್ರಾಣಿ ಹೊಡೆದ್ರು. ಕೀನ್ಯಾದಲ್ಲಿ ಮೋಜಿನ ಬೇಟೆ ನಿಂತಿದ್ದು 1977ರಲ್ಲಿ. ಟಾಂಜಾನಿಯಾದಲ್ಲಿ ನ್ಯಾಷನಲ್ ಪಾರ್ಕ್ ಒಳಗೆ ಇಲ್ಲ, ಆದ್ರೆ ಅದಕ್ಕಂತಲೇ ಇರೋ ಗೇಮ್ ರಿಸರ್ವ್‌ಗಳಲ್ಲಿ ಪರ್ಮಿಟ್ ತಗೊಂಡು ಈಗಲೂ ಹೊಡೀತಾರೆ. ಈ ‘ಗೇಮ್’ ಕೂಡ ಅದೇ ಮನೆಯ ಪದ, ಬೇಟೆಯ ಪ್ರಾಣಿ ಅಂತ ಅರ್ಥ. ಗಾಡೀಲಿ ಕೂತು ಪ್ರಾಣಿ ನೋಡೋಕೆ ಹೋಗೋದನ್ನ ಗೇಮ್ ಡ್ರೈವ್ ಅಂದಿದ್ದಕ್ಕೆ ಮಕ್ಕಳಿಗೆ ಆಟ ಆಡಿಸ್ತಾರಾ ಅಂತ ಕೇಳಿದವರೂ ಇದ್ದಾರೆ, ಅವರನ್ನ ಬೈಯೋಕಾಗಲ್ಲ. ಸಫಾರಿ ಮಾತ್ರ ಬೇಟೆಯ ಪದ ಅಲ್ಲ, ಪ್ರಯಾಣ ಅಂತಷ್ಟೇ ಅರ್ಥ, ಅರಬ್ಬಿಯ ಸಫರ್‌ನಿಂದ ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಗೆ ಹೋಗಿದ್ದು, ಅಲ್ಲಿನ ಜನಕ್ಕೆ ಬಸ್ಸು ಹತ್ತಿ ಅತ್ತೆ ಮನೆಗೆ ಹೋಗೋದೂ ಸಫಾರಿನೇ.

ಈಗ ನನ್ನ ಅಸಲಿ ತಕರಾರಿಗೆ ಬರ್ತೀನಿ. ಕನ್ನಡದಲ್ಲಿ ಈ ಪಟ್ಟಿ ಕೆಡೋಕೆ ದೊಡ್ಡ ಕಾರಣ ಚಿರತೆ. ಲೆಪರ್ಡ್‌ಗೂ ಚಿರತೆ, ಚೀತಾಗೂ ಚಿರತೆ. ಇಂಗ್ಲಿಷ್ ಪಟ್ಟಿಯಲ್ಲಿರೋದು ಲೆಪರ್ಡ್, ಅದನ್ನ ಯಾರೋ ಸರಿಯಾಗಿ ಚಿರತೆ ಅಂತ ಬರೀತಾರೆ, ಆಮೇಲೆ ಫೋಟೋ ಹಾಕೋನು ಚಿರತೆ ಅಂದ್ರೆ ಚೀತಾ ತಾನೇ, ಕೇಳೋಕೂ ಹಂಗೇ ಇದೆಯಲ್ಲ ಅಂತ ಚೀತಾ ಫೋಟೋ ಅಂಟಿಸ್ತಾನೆ, ಅದನ್ನ ನೋಡಿದ ಮೂರನೆಯವನು ಚೀತಾ ಬಿಗ್ ಫೈವ್ ಅಂತ ವಿಡಿಯೋ ಮಾಡ್ತಾನೆ. ಕಿವಿಗೆ ಹತ್ರ ಕೇಳಿಸಿದ್ರೂ ಎರಡು ಪದ ಒಂದೇ ಅಲ್ಲ. ಚೀತಾ ಅನ್ನೋದರ ಮೂಲ ಸಂಸ್ಕೃತದ ಚಿತ್ರಕ, ಮೈಮೇಲೆ ಚಿತ್ತಾರ ಇರೋದು ಅಂತ, ಅಲ್ಲಿಂದ ಹಿಂದಿಗೆ, ಹಿಂದಿಯಿಂದ ಇಂಗ್ಲಿಷಿಗೆ. ಅಂದ್ರೆ ಟಾಂಜಾನಿಯಾದ ಸೆರೆಂಗೆಟಿಯಲ್ಲಿ ನಿಂತು ಬ್ರಿಟಿಷ್ ಪ್ರವಾಸಿ ಚೀತಾ ಚೀತಾ ಅಂತ ಕಿರುಚೋದು ನಮ್ಮ ಕಡೆಯ ಪದವನ್ನೇ. ಚಿರತೆ ಹಂಗಲ್ಲ, ತೆಲುಗಿನ ಚಿರುತ, ತಮಿಳಿನ ಸಿರುತ್ತೈ ಜೊತೆ ಕೂರೋ ಪದ. ಹಿಂದಿಯವರಿಗೆ ತೇಂದುವಾ ಬೇರೆ ಚೀತಾ ಬೇರೆ, ಮರಾಠಿಯವರಿಗೆ ಬಿಬಟ್ಯಾ ಬೇರೆ ಚಿತ್ತಾ ಬೇರೆ. ನಮ್ಮಲ್ಲಿ ಬಾಯಲ್ಲಿ ಉಳಿದಿರೋದು ಒಂದೇ ಪದ, ಎರಡು ಪ್ರಾಣೀನೂ ಅದರೊಳಗೇ ತುರುಕ್ತೀವಿ.

2022ರ ಸೆಪ್ಟೆಂಬರಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋಗೆ ಎಂಟು ಚೀತಾ ಬಂದಾಗ ಎಷ್ಟೋ ಕಡೆ ‘ಭಾರತಕ್ಕೆ ಬಂದವು ಚಿರತೆಗಳು’ ಅಂತಲೇ ಹಾಕಿದ್ರು. ಚಿರತೆ ಬೇಕಿದ್ರೆ ವಿಮಾನ ಯಾಕೆ, ತುಮಕೂರಿಂದ ಲಾರೀಲಿ ಕಳಿಸ್ಬೋದಿತ್ತಲ್ಲ. ಬೆಂಗಳೂರಿನ ಹೊರಗಿನ ಲೇಔಟುಗಳ ಸಿಸಿಟಿವಿಯಲ್ಲೇ ಓಡಾಡ್ತವೆ.

ನೋಡೋಕೂ ಎರಡಕ್ಕೂ ಸಂಬಂಧ ಇಲ್ಲ. ಚೀತಾಗೆ ಕಣ್ಣಿನ ಒಳಮೂಲೆಯಿಂದ ಬಾಯಿವರೆಗೂ ಕಣ್ಣೀರು ಇಳಿದು ಕಾಡಿಗೆ ಹರಿದ ಹಾಗೆ ಕಪ್ಪು ಗೆರೆ ಇರತ್ತೆ, ಮೈಮೇಲಿರೋದು ತುಂಬಿದ ಚುಕ್ಕೆ, ಸೊಂಟ ಸಣ್ಣ, ಕಾಲು ಉದ್ದ. ಚಿರತೆಗೆ ಆ ಗೆರೆ ಇಲ್ಲ, ಚುಕ್ಕೆಗಳು ಗುಂಪುಗುಂಪಾಗಿ ಉಂಗುರ ಕಟ್ಟಿರ್ತವೆ, ಕುತ್ತಿಗೆ ದಪ್ಪ. ಚೀತಾ ಹಗಲು ಬಯಲಲ್ಲಿ ಗೆದ್ದಲು ಹುತ್ತದ ಮೇಲೆ ಹತ್ತಿ ನಿಂತು ಸುತ್ತ ನೋಡ್ತಾ ಇರತ್ತೆ. ಚಿರತೆನ ಹುಡುಕೋದು ಮರದಲ್ಲಿ. ಸೆರೆಂಗೆಟಿ ನಡುವಿನ ಸೆರೊನೆರಾ ಹೊಳೆ ಪಕ್ಕ ಸಾಸೇಜ್ ಮರಗಳಿವೆ, ಸೋರೆಕಾಯಿ ಥರ ಉದ್ದುದ್ದ ಕಾಯಿ ನೇತಾಡ್ತಿರತ್ತೆ, ಡ್ರೈವರ್ ಗಾಡಿ ನಿಧಾನ ಮಾಡಿ ಆ ಕಾಯಿಗಳ ಮಧ್ಯೆ ತುದಿ ಮೇಲಕ್ಕೆ ಸುರುಳಿ ಆಗಿರೋ ‘ಕಾಯಿ’ ಯಾವುದಾದ್ರೂ ಇದೆಯಾ ಅಂತ ನೋಡ್ತಾನೆ. ಇದ್ರೆ ಅದು ಬಾಲ. ಆಮೇಲೆ ಕೊಂಬೆ, ಕೊಂಬೆ ಮೇಲೆ ಕಾಲು, ಕೊನೆಗೆ ಮುಖ ಸಿಗತ್ತೆ, ಕೆಲವೊಮ್ಮೆ ಪಕ್ಕದ ಕವಲಲ್ಲಿ ಅರ್ಧ ತಿಂದ ಜಿಂಕೆ. ಅಲ್ಲಿ ಹೋದಾಗ ಸ್ವಾಹಿಲಿ ಪದ ಕಲ್ಕೊಂಡ್ರೆ ಗೊಂದಲಾನೇ ಇಲ್ಲ: ಚಿರತೆ ಚುಯಿ, ಚೀತಾ ಡುಮಾ. ಡ್ರೈವರ್‌ಗಳ ವೈರ್‌ಲೆಸ್ಸಲ್ಲಿ ಇವೆರಡು ಕಿವಿಗೆ ಬಿದ್ರೆ ಎದ್ದು ಕೂತ್ಕೊಳಿ. ಸಿಂಹಕ್ಕೆ ಸಿಂಬಾ, ಅದು ಎಲ್ರಿಗೂ ಗೊತ್ತು. ಘೇಂಡಾಮೃಗ ಕಿಫಾರು, ಮಿಲಿಟರಿ ಟ್ಯಾಂಕಿಗೂ ಅದೇ ಹೆಸರು, ನೋಡಿದ್ರೆ ಯಾಕೆ ಅಂತ ಗೊತ್ತಾಗತ್ತೆ.

ಎರಡನೇ ಎಡವಟ್ಟು ಕಾಡುಎಮ್ಮೆ. ನಮ್ಮಲ್ಲಿ ಕಾಡೆಮ್ಮೆ, ಕಾಡುಕೋಣ, ಕಾಟಿ ಅಂದ್ರೆ ಬಂಡೀಪುರದಲ್ಲಿ ಬಿಳಿ ಸಾಕ್ಸ್ ಹಾಕ್ಕೊಂಡ ಹಾಗೆ ಕಾಣೋ ಪ್ರಾಣಿ, ಅದು ಹೆಸರಿಗೆ ಎಮ್ಮೆ ಆದ್ರೂ ಸಂಬಂಧದಲ್ಲಿ ದನಕ್ಕೆ ಹತ್ರ. ಆಫ್ರಿಕಾದ್ದು ಅದೂ ಅಲ್ಲ, ನಮ್ಮ ಹಟ್ಟಿಯ ಎಮ್ಮೆನೂ ಅಲ್ಲ, ಬೇರೆ ಜಾತಿ, ಯಾರೂ ಅದನ್ನ ಪಳಗಿಸಿ ಹಾಲು ಕರೆದಿಲ್ಲ. ಗಂಡಿನ ಎರಡು ಕೊಂಬೂ ಹಣೆ ಮೇಲೆ ಬುಡದಲ್ಲಿ ಸೇರ್ಕೊಂಡು ಹೆಲ್ಮೆಟ್ ಥರ ಗಟ್ಟಿ ಆಗಿರತ್ತೆ. ‘ಎಮ್ಮೆ ನೋಡೋಕೆ ಇಷ್ಟು ದುಡ್ಡು ಕೊಟ್ಟು ಬರ್ಬೇಕಿತ್ತಾ’ ಅಂತ ಹಿಂದಿನ ಸೀಟಿಂದ ಒಂದು ಜೋಕ್ ಬರೋದು ಗ್ಯಾರಂಟಿ, ನಡ್ಕೊಂಡು ಹೋಗ್ತಿದ್ರೆ ಬರ್ತಿರ್ಲಿಲ್ಲ.

ಪದದ ಅರ್ಥ ಕೆಟ್ಟಿದ್ರಿಂದ ಏನು ನಷ್ಟ ಅಂದ್ರೆ ದುಡ್ಡಿನ ನಷ್ಟ ಇದೆ. ‘ಬಿಗ್ ಫೈವ್ ಗ್ಯಾರಂಟಿ’ ಅಂತ ಯಾವ ಪಾರ್ಕಿಗೆ ಬೇಕಾದ್ರೂ ಹಚ್ತಾರೆ. ನೈರೋಬಿ ನ್ಯಾಷನಲ್ ಪಾರ್ಕ್ 1946ರಲ್ಲಿ ಆಗಿದ್ದು, ಕೀನ್ಯಾದಲ್ಲಿ ಮೊದಲನೇದು, ಹಿಂದೆ ಊರಿನ ಎತ್ತರದ ಕಟ್ಟಡ, ಮುಂದೆ ಘೇಂಡಾಮೃಗ, ಅದ್ಭುತ ಜಾಗ, ಆದ್ರೆ ಆನೆ ಇಲ್ಲ. ನಕುರು ಸರೋವರದ ಪಾರ್ಕಲ್ಲೂ ಘೇಂಡಾಮೃಗ ಚೆನ್ನಾಗಿ ಸಿಗ್ತವೆ, ಆನೆ ಇಲ್ಲ. ಕಿಲಿಮಂಜಾರೊ ಬೆನ್ನಿಗಿಟ್ಕೊಂಡ ಆನೆ ಫೋಟೋ ಬೇಕಂದ್ರೆ ಕೀನ್ಯಾದ್ದೇ ಅಂಬೊಸೆಲಿ ಪಾರ್ಕ್, ಅಲ್ಲಿ ಘೇಂಡಾಮೃಗ ಇಲ್ಲ, ಇದ್ದಿದ್ದರಲ್ಲಿ ಬಹುಪಾಲು ಕಳ್ಳಬೇಟೆಗೆ ಹೋಯ್ತು. ರುವಾಂಡಾದ ಅಕಗೆರಾದಲ್ಲಿ ಸಿಂಹಾನೂ ಇರ್ಲಿಲ್ಲ, 2015ರಲ್ಲಿ ದಕ್ಷಿಣ ಆಫ್ರಿಕಾದಿಂದ ತಂದು ಬಿಟ್ರು, 2017ರಲ್ಲಿ ಕಪ್ಪು ಘೇಂಡಾಮೃಗ ತಂದ್ರು, ಆವಾಗ ಐದೂ ಪೂರ್ತಿ ಆಯ್ತು. ಟಾಂಜಾನಿಯಾದ ಗೊರೊಂಗೊರೊ ಅನ್ನೋ ಹಳೇ ಜ್ವಾಲಾಮುಖಿಯ ಕುಳಿಯಲ್ಲಿ ಐದೂ ಇವೆ, ಸುಮಾರು 260 ಚದರ ಕಿಲೋಮೀಟರ್ ತಳದಲ್ಲಿ ಅಷ್ಟೂ, ಆದ್ರೆ ಅಲ್ಲಿ ಜಿರಾಫೆ ಸಿಗಲ್ಲ. ಸುತ್ತಲ ಗೋಡೆ ಆರುನೂರು ಮೀಟರ್ ಕಡಿದಾಗಿದೆ, ಇಳಿದ್ರೂ ಮೇಯೋಕೆ ಬೇಕಾದಷ್ಟು ಮರ ಇಲ್ಲ. ಆ ಪೋಸ್ಟರಿನ ಐದು ಫೋಟೋ ನಂಬ್ಕೊಂಡು ಗೊರೊಂಗೊರೊಗೆ ಹೋದೋರು ಜಿರಾಫೆ ಎಲ್ಲಿ ಅಂತ ಡ್ರೈವರ್ ಮೇಲೆ ರೇಗಿದ್ರೆ ತಪ್ಪು ಯಾರದ್ದು?

ಅಂದಹಾಗೆ ಕಪ್ಪು ಘೇಂಡಾಮೃಗ ಕಪ್ಪಲ್ಲ, ಬಿಳಿಯದು ಬಿಳಿ ಅಲ್ಲ, ಎರಡೂ ಬೂದಿ ಬಣ್ಣ. ತುಟಿ ನೋಡಿ: ಚೂಪಾಗಿ ಕೊಕ್ಕೆ ಥರ ಇದ್ರೆ ಪೊದೆ ಮೇಯೋ ಕಪ್ಪು, ಅಗಲವಾಗಿ ಚೌಕ ಇದ್ರೆ ಹುಲ್ಲು ಮೇಯೋ ಬಿಳಿ. ಇದರ ಬಗ್ಗೆ ಇನ್ನೊಂದು ಲೇಖನ ಬರೀಬೇಕು, ಇಲ್ಲಿ ಬೇಡ.

ಇನ್ನು ಸ್ಮಾಲ್ ಫೈವ್, ಅಗ್ಲಿ ಫೈವ್ ಅಂತೆಲ್ಲ ಆಮೇಲೆ ಹುಟ್ಕೊಂಡಿವೆ. ಸ್ಮಾಲ್ ಫೈವ್ ಇಂಗ್ಲಿಷಿನ ಶ್ಲೇಷೆ ಅಷ್ಟೇ, ಆ ಭಾಷೆಯಲ್ಲಿ ಹೆಸರಲ್ಲಿ ಲಯನ್, ಲೆಪರ್ಡ್, ಎಲಿಫೆಂಟ್ ಅಂತ ಇರೋ ಹುಳ, ಆಮೆ, ಮೂಗಿಲಿಗಳನ್ನ ಪೋಣಿಸಿರೋದು, ಕನ್ನಡಕ್ಕೆ ತಂದ್ರೆ ಅದರಲ್ಲಿ ಮಜಾ ಉಳಿಯಲ್ಲ, ತರೋದು ಬೇಡ. ಕಾಜಿರಂಗದವರು ಹುಲಿ, ಆನೆ, ಘೇಂಡಾಮೃಗ, ಕಾಡಿನ ನೀರೆಮ್ಮೆ ಜೊತೆಗೆ ಬಾರಾಸಿಂಗ ಜಿಂಕೆನೂ ಸೇರಿಸಿ ನಮ್ಮದೂ ಬಿಗ್ ಫೈವ್ ಅಂತಾರೆ. ಪಾಪದ ಜಿಂಕೆಗೆ ಯಾವ ಬೇಟೆಗಾರ ಹೆದರ್ತಿದ್ದ? ಬ್ರ್ಯಾಂಡಿಂಗ್ ಅಂತ ಬಿಟ್ಟುಬಿಡೋಣ.

ನಂಗೆ ಸಿಟ್ಟು ಬರೋದು ಈ ಪಟ್ಟಿಗೆ ಟಿಕ್ ಹಾಕ್ತಾ ಹೋಗೋರನ್ನ ಕಂಡ್ರೆ. ನಾಲ್ಕು ಆಯ್ತು ಇನ್ನೊಂದು ಬಾಕಿ ಅಂತ ಡ್ರೈವರ್‌ಗೆ ಬೆಳಗ್ಗಿಂದ ಕಾಟ, ಅವನು ಟಿಪ್ಸಿಗೋಸ್ಕರ ವೈರ್‌ಲೆಸ್ ಹಿಡ್ಕೊಂಡು ಎಲ್ಲಿ ಚುಯಿ ಎಲ್ಲಿ ಚುಯಿ ಅಂತ ಧೂಳೆಬ್ಬಿಸ್ಕೊಂಡು ಓಡಿಸ್ತಾನೆ, ದಾರೀಲಿ ಕತ್ತೆಕಿರುಬದ ಮರಿಗಳು ಚರಂಡಿ ಮೋರಿಯಿಂದ ಮುಖ ಹೊರಗೆ ಹಾಕಿ ನೋಡ್ತಿದ್ರೂ ನಿಲ್ಲಿಸಲ್ಲ, ಪಟ್ಟಿಯಲ್ಲಿ ಇಲ್ವಲ್ಲ. ಒಂದು ಮರದ ಕೆಳಗೆ ಮೂವತ್ತು ಗಾಡಿ ಸೇರಿದ್ಮೇಲೆ ಆ ಚಿರತೆ ಇಳಿಯೋದಾದ್ರೂ ಎಲ್ಲಿಗೆ? ಕೀನ್ಯಾದ ಮಸಾಯಿ ಮಾರಾದ ಒಂದು ಭಾಗ, ಮಾರಾ ಟ್ರಯಾಂಗಲ್ ಅಂತಾರೆ, ಅಲ್ಲಿ ಒಂದು ಪ್ರಾಣಿ ಹತ್ರ ಐದೇ ಗಾಡಿ ಅನ್ನೋ ನಿಯಮ ಇದೆ. ಬುಕ್ ಮಾಡೋವಾಗ ಯಾವ ಕಡೆಯ ಗೇಟಿಂದ ಒಳಗೆ ಹೋಗ್ತೀವಿ ಅಂತ ಕೇಳಿ. ಮತ್ತೆ ಮಾರಾ ನ್ಯಾಷನಲ್ ಪಾರ್ಕ್ ಅಲ್ಲ, ನ್ಯಾಷನಲ್ ರಿಸರ್ವ್, ನಾರೋಕ್ ಕೌಂಟಿ ಅನ್ನೋ ಸ್ಥಳೀಯ ಸರ್ಕಾರಕ್ಕೆ ಸೇರಿದ್ದು, ನಿಯಮ ಬೇರೆ, ಟಿಕೆಟ್ ಬೇರೆ. ಪೋಸ್ಟರಲ್ಲಿ ಅದನ್ನೂ ತಪ್ಪು ಹಾಕಿದ್ರು.

ಕನ್ನಡದಲ್ಲಿ ಏನಂತ ಬರೀಬೇಕು ಅಂದ್ರೆ ಬಿಗ್ ಫೈವ್ ಅಂತಲೇ ಬರೀರಿ, ಪಂಚ ಮಹಾಮೃಗ ಅಂತೆಲ್ಲ ಹೊಸೆಯೋಕೆ ಹೋಗ್ಬೇಡಿ. ಪಟ್ಟಿ ಕೊಡೋವಾಗ ಚಿರತೆ ಅಂತ ಹಾಕಿ, ಚೀತಾಗೆ ಚೀತಾ ಅಂತಲೇ ಹಾಕಿ, ಮತ್ತೆ ಫೋಟೋ ಅಂಟಿಸೋಕೆ ಮುಂಚೆ ಕಣ್ಣಿನ ಕೆಳಗೆ ಕಪ್ಪು ಗೆರೆ ಇದೆಯಾ ಅಂತ ಒಂದ್ಸಲ ಝೂಮ್ ಮಾಡಿ ನೋಡಿ.