ಸೀಬೆ ಮರ ಹತ್ತಿದ ಕೋಳಿಗಳು

ಹಿತ್ತಲಲ್ಲಿ ನಾನು ಕಟ್ಟಿದ ಮೊದಲ ಕೋಳಿಗೂಡು ನೋಡೋಕೆ ತುಂಬಾ ಚೆನ್ನಾಗಿತ್ತು. ನಾಲ್ಕೂ ಕಡೆ ಪ್ಲೈವುಡ್, ಮೇಲೆ ತಗಡಿನ ಶೀಟು, ಪುಟ್ಟ ಬಾಗಿಲು, ಅದಕ್ಕೊಂದು ಚಿಲಕ. ಬೆಕ್ಕು ಬರಬಾರದು, ಮಳೆ ನುಗ್ಗಬಾರದು, ಚಳಿ ತಾಗಬಾರದು. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆಯಿಂದ ನೋಡಿ, "ಏನಪ್ಪಾ, ಕೋಳಿಗೆ ಬೀರು ಮಾಡಿಸಿದ್ದೀಯಾ?" ಅಂದರು.

ವಾರ ಕಳೆಯುವಷ್ಟರಲ್ಲಿ ಎಂಟು ಕೋಳಿಗಳಲ್ಲಿ ಐದು ಗೂಡಿನ ಕಡೆ ತಿರುಗಿಯೂ ನೋಡದಾದವು. ಸಂಜೆಯಾದರೆ ಸೀಬೆ ಮರ ಹತ್ತಿ ಕೂರುತ್ತಿದ್ದವು. ಕೊಬ್ಬು ಅಂದುಕೊಂಡೆ. ಒಂದು ರಾತ್ರಿ ಉಳಿದ ಮೂರನ್ನು ನೋಡೋಣ ಅಂತ ಗೂಡಿನೊಳಗೆ ತಲೆ ಹಾಕಿದೆ. ಕಣ್ಣು ಉರಿದು ನೀರು ಬಂತು. ಗೋಡೆಯ ಒಳಮೈಯಲ್ಲಿ ಹನಿ ಹನಿ ನೀರು ಇಳಿಯುತ್ತಿತ್ತು.

ನಾವು ಸಾಕುವ ಕೋಳಿಯ ಮೂಲ ಕೆಂಪು ಕಾಡುಕೋಳಿ. ಹಿಮಾಲಯದ ತಪ್ಪಲಿನಿಂದ ಆಗ್ನೇಯ ಏಷ್ಯಾದವರೆಗಿನ ಕಾಡುಗಳ ಹಕ್ಕಿ ಅದು. ನಮ್ಮ ಪಶ್ಚಿಮ ಘಟ್ಟದಲ್ಲಿ ಕಾಣುವುದು ಅದರ ನೆಂಟ, ಬೂದು ಕಾಡುಕೋಳಿ. ಅದರದ್ದೂ ಒಂದು ಪಾಲು ಸಾಕುಕೋಳಿಯ ಮೈಯಲ್ಲಿದೆ. ಕಾಲಿಗೆ, ಚರ್ಮಕ್ಕೆ ಹಳದಿ ಬಣ್ಣ ಕೊಡುವ ಜೀನ್ ಬೂದು ಕಾಡುಕೋಳಿಯಿಂದ ಬಂದದ್ದು ಅಂತ 2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೇರಿದ್ದ ತಂಡ ತೋರಿಸಿತು. ಕಾಡಿನಲ್ಲಿ ಈ ಎರಡೂ ಹಗಲೆಲ್ಲ ನೆಲ ಕೆದಕುತ್ತವೆ, ಕತ್ತಲಾಗುವ ಹೊತ್ತಿಗೆ ಕೊಂಬೆ ಸೇರುತ್ತವೆ.

ಆ ಕೊಂಬೆಯಲ್ಲಿ ಏನೇನಿದೆ ನೋಡಿ. ಸುತ್ತಲೂ ಗಾಳಿ ಆಡುತ್ತದೆ. ನರಿಗೆ ಎಟುಕುವುದಿಲ್ಲ. ಹಾಕಿದ ಹಿಕ್ಕೆ ಕೆಳಗೆ ಬಿದ್ದು ತರಗೆಲೆಯಲ್ಲಿ ಸೇರಿಹೋಗುತ್ತದೆ. ಕೋಳಿ ಅದರ ಜೊತೆ ರಾತ್ರಿ ಕಳೆಯಬೇಕಿಲ್ಲ. ನಾವು ಗೂಡು ಅಂತ ಹೊರಟಾಗ ಮನುಷ್ಯರ ಮನೆಯನ್ನೇ ಸಣ್ಣದಾಗಿ ಕಟ್ಟುತ್ತೇವೆ. ಕೋಳಿಗೆ ಬೇಕಾದದ್ದು ಮರ.

ಕಣ್ಣು ಉರಿಯುವ ಆ ವಾಸನೆ ಅಮೋನಿಯಾದ್ದು. ಅದು ಹುಟ್ಟುವ ಬಗೆ ಗೊತ್ತಾದರೆ ಗೂಡು ಕಟ್ಟುವ ಅರ್ಧ ವಿದ್ಯೆ ಬಂದ ಹಾಗೆ. ನಮ್ಮ ದೇಹ ಬೇಡದ ಸಾರಜನಕವನ್ನು ಯೂರಿಯಾ ಮಾಡಿ ನೀರಿನಲ್ಲಿ ಕರಗಿಸಿ ಹೊರಹಾಕುತ್ತದೆ. ಹಕ್ಕಿಗಳು ಅಷ್ಟು ನೀರು ಖರ್ಚು ಮಾಡುವುದಿಲ್ಲ. ಯೂರಿಕ್ ಆಸಿಡ್ ಮಾಡಿ, ಗಟ್ಟಿ ಹಿಟ್ಟಿನಂತೆ ಹಾಕುತ್ತವೆ. ಹಿಕ್ಕೆಯ ಮೇಲೆ ಬಿಳಿ ಟೋಪಿಯ ಹಾಗೆ ಕಾಣುವುದು ಅದೇ. ಒಣಗಿದ್ದರೆ ಅದರಿಂದ ಏನೂ ತೊಂದರೆಯಿಲ್ಲ. ತೇವ ಸಿಕ್ಕಿತೋ, ಬ್ಯಾಕ್ಟೀರಿಯಾಗಳು ಅದನ್ನು ಮೊದಲು ಯೂರಿಯಾ ಮಾಡಿ, ಆಮೇಲೆ ಅಮೋನಿಯಾ ಮಾಡಿ ಗಾಳಿಗೆ ಬಿಡುತ್ತವೆ.

ತೇವಕ್ಕೇನು ಬರ? ಕೋಳಿ ತಿನ್ನುವ ಕಾಳಿಗಿಂತ ಹೆಚ್ಚುಕಡಿಮೆ ಎರಡರಷ್ಟು ತೂಕದ ನೀರು ಕುಡಿಯುತ್ತದೆ. ಸೆಕೆ ಇದ್ದರೆ ಇನ್ನೂ ಜಾಸ್ತಿ. ಹಸಿ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ. ಉಸಿರಿನಲ್ಲೂ ಆವಿ ಹೋಗುತ್ತದೆ. ಇದೆಲ್ಲ ಮುಚ್ಚಿದ ಪೆಟ್ಟಿಗೆಯೊಳಗೆ ಸೇರಿದರೆ ಗೋಡೆ ಬೆವರುತ್ತದೆ, ಹಾಸು ಒದ್ದೆಯಾಗುತ್ತದೆ. ಅಮೋನಿಯಾ ಕೋಳಿಯ ಶ್ವಾಸನಾಳದೊಳಗಿನ ಸಣ್ಣ ಸಣ್ಣ ಕೂದಲುಗಳನ್ನು ಹಾಳುಮಾಡುತ್ತದೆ. ದೂಳನ್ನೂ ರೋಗಾಣುವನ್ನೂ ಮೇಲಕ್ಕೆ ತಳ್ಳುವ ಕೆಲಸ ಆ ಕೂದಲುಗಳದ್ದು. ಅವು ಸತ್ತರೆ ರಾಣಿಖೇತ್‌ನಂಥ ರೋಗಗಳಿಗೆ ದಾರಿ ಸಲೀಸು. (ಲಸಿಕೆ ಹಾಕಿಸಲೇಬೇಕು. ಗಾಳಿ ಚೆನ್ನಾಗಿದೆ ಅಂತ ಅದನ್ನು ಬಿಡುವ ಹಾಗಿಲ್ಲ.) ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತದೆ, ನಮ್ಮದಕ್ಕಿಂತ ಚುರುಕಾಗಿ ಆಮ್ಲಜನಕ ಎಳೆದುಕೊಳ್ಳುತ್ತದೆ. ವಿಷಗಾಳಿಯನ್ನೂ ಅಷ್ಟೇ ಚುರುಕಾಗಿ ಎಳೆದುಕೊಳ್ಳುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರವರೆಗೂ ವಿಷಗಾಳಿಯ ಸುಳಿವು ಮೊದಲೇ ಸಿಗಲಿ ಅಂತ ಕ್ಯಾನರಿ ಎಂಬ ಪುಟ್ಟ ಹಕ್ಕಿಗಳನ್ನು ಒಳಗೆ ಒಯ್ಯುತ್ತಿದ್ದದ್ದು ಇದಕ್ಕೇ.

ಹಾಗಾಗಿ ಎರಡನೇ ಗೂಡಿನಲ್ಲಿ ಗೋಡೆ ಅಂತ ಇರೋದು ಕೆಳಗಿನ ಒಂದೂವರೆ ಅಡಿ ಮಾತ್ರ. ಅಲ್ಲಿಂದ ಮೇಲೆಲ್ಲ ಜಾಲರಿ. ಬಿಸಿಯಾದ ತೇವದ ಗಾಳಿ ಮೇಲೇರಿ ಸೂರಿನ ಕೆಳಗಿಂದ ಹೊರಗೆ ಹೋಗುತ್ತದೆ. ಗೂಡಿನ ಉದ್ದ ಪೂರ್ವ ಪಶ್ಚಿಮಕ್ಕಿದೆ, ಬೆಳಗಿನ ಮತ್ತು ಸಂಜೆಯ ಬಿಸಿಲು ಅಗಲವಾದ ಬದಿಗೆ ಬಡಿಯಬಾರದು ಅಂತ. ಸೂರು ಮೂರಡಿ ಹೊರಚಾಚಿದೆ. ಮುಂಗಾರಿನಲ್ಲಿ ಪಶ್ಚಿಮದಿಂದ ಇರಚಲು ಹೊಡೆದಾಗ ಆ ಒಂದು ಬದಿಗೆ ಗೋಣಿಚೀಲ ಇಳಿಬಿಡುತ್ತೇನೆ. ಚಳಿಗೆ ಹೆದರಬೇಕಾದ ಅಗತ್ಯ ನಮ್ಮ ಕಡೆ ಇಲ್ಲ. ಬೆಳೆದ ಕೋಳಿಗೆ ಗರಿಯ ಹೊದಿಕೆ ಇದೆ.

ನೆಲಕ್ಕೆ ಭತ್ತದ ಹೊಟ್ಟು, ನಾಲ್ಕರಿಂದ ಆರು ಇಂಚು ದಪ್ಪ. ಇದು ಕಾಡಿನ ತರಗೆಲೆಯ ಬದಲಿಗೆ. ಹೊಟ್ಟಿನಲ್ಲಿ ಇಂಗಾಲ ಹೆಚ್ಚು, ಹಿಕ್ಕೆಯಲ್ಲಿ ಸಾರಜನಕ ಹೆಚ್ಚು. ಎರಡೂ ಬೆರೆತು, ಕೋಳಿಗಳೇ ಕೆದಕಿ ಕೆದಕಿ ಗಾಳಿಯಾಡಿಸಿದರೆ ನಿಧಾನಕ್ಕೆ ಗೊಬ್ಬರವಾಗುತ್ತದೆ. ಇದನ್ನೇ ಡೀಪ್ ಲಿಟರ್ ಅನ್ನುತ್ತಾರೆ. 1940ರ ದಶಕದಲ್ಲಿ ಅಮೆರಿಕದ ಒಹಾಯೊದಲ್ಲಿ ಇದನ್ನು ಪರೀಕ್ಷಿಸಿ ನೋಡಿದವರಿಗೆ ಸೋಜಿಗವಾಗಿತ್ತು. ಹಳೆಯ ಹಾಸಿನ ಮೇಲೆ ಬೆಳೆದ ಮರಿಗಳು ಆಗಾಗ ತೆಗೆದು ಹೊಸದು ಹಾಕಿದ ಹಾಸಿನ ಮರಿಗಳಿಗಿಂತ ಗಟ್ಟಿಯಾಗಿದ್ದವು. ಹಾಸಿನ ಸೂಕ್ಷ್ಮಜೀವಿಗಳು ಬಿ12 ವಿಟಮಿನ್ ತಯಾರಿಸುತ್ತವೆ, ಕೋಳಿ ಅದನ್ನು ಕೆದಕಿ ತಿನ್ನುತ್ತದೆ.

ಹಾಸು ಸರಿಯಿದೆಯೋ ಇಲ್ಲವೋ ನೋಡಲು ಒಂದು ಹಿಡಿ ತೆಗೆದು ಮುಷ್ಟಿ ಕಟ್ಟಿ. ಉಂಡೆಯಾಗಿ ನಿಂತರೆ ತೇವ ಜಾಸ್ತಿ. ಆಗ ಒಣ ಹೊಟ್ಟು ಬೆರೆಸಿ, ಗುದ್ದಲಿಯಲ್ಲಿ ಮೇಲೆ ಕೆಳಗೆ ಮಾಡಬೇಕು. ತುಂಬಾ ಜನ ಸುಣ್ಣ ಚೆಲ್ಲುತ್ತಾರೆ. ನಾನೂ ಚೆಲ್ಲಿದ್ದೆ. ಒದ್ದೆ ಹಾಸಿಗೆ ಸುಣ್ಣ ಬಿದ್ದರೆ ಅಲ್ಲಿ ಕರಗಿ ಕೂತಿದ್ದ ಅಮೋನಿಯಾವೂ ಗಾಳಿಗೆ ಏಳುತ್ತದೆ. ಶಾಲೆಯ ಲ್ಯಾಬಿನಲ್ಲಿ ನವಸಾಗರಕ್ಕೆ ಸುಣ್ಣ ಬೆರೆಸಿ ಇದನ್ನೇ ತಯಾರಿಸಿದ್ದು ಮರೆತೇ ಹೋಗಿತ್ತು!

ಇನ್ನು ಸೆಕೆ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದರ ಮೈ ಬಿಸಿಯೇ 41 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ. ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗೆ ಅದು ರೆಕ್ಕೆ ಅಗಲಿಸಿ, ಬಾಯಿ ತೆರೆದು ಏದುಸಿರು ಬಿಡುತ್ತದೆ. ಇದರ ಲೆಕ್ಕ ಮೊಟ್ಟೆಯಲ್ಲಿ ಸಿಗುತ್ತದೆ. ಚಿಪ್ಪು ಹೆಚ್ಚೂಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ಕಾರ್ಬೊನೇಟ್ ಬರುವುದು ರಕ್ತದಲ್ಲಿ ಕರಗಿದ ಇಂಗಾಲದ ಡೈಆಕ್ಸೈಡಿನಿಂದ. ಏದುಸಿರಿನಲ್ಲಿ ಅದು ಹೊರಗೆ ಹೋದರೆ ಚಿಪ್ಪಿಗೆ ಸಾಮಾನು ಸಾಲದು. ಬೇಸಿಗೆಯಲ್ಲಿ ಕೈಯಲ್ಲಿ ಹಿಡಿದರೇ ಬಿರಿಯುವ ಮೊಟ್ಟೆಗಳನ್ನು ಕಂಡು ನಾನು ಸುಣ್ಣದ ಅಂಶ ಕಡಿಮೆ ಅಂತ ಕಪ್ಪೆಚಿಪ್ಪಿನ ಪುಡಿ ತಂದು ಹಾಕಿದ್ದೆ. ಹಾಕಿದ್ದು ತಪ್ಪಲ್ಲ. ಆದರೆ ಅದಕ್ಕಿಂತ ಮೊದಲು ತಗಡಿನ ಮೇಲೆ ತೆಂಗಿನ ಗರಿ ಹೊದಿಸಬೇಕಿತ್ತು.

ಕೂರುವ ಗಳುವಿಗೆ ಪೈಪು ಬೇಡ, ಜಾರುತ್ತದೆ. ಎರಡಿಂಚು ದಪ್ಪದ ಮರದ ಕೊಂಬೆ ಸಾಕು, ಒಂದು ಕೋಳಿಗೆ ಎಂಟು ಇಂಚು ಜಾಗದ ಲೆಕ್ಕದಲ್ಲಿ. ಎಲ್ಲ ಗಳುವೂ ಒಂದೇ ಎತ್ತರಕ್ಕಿರಲಿ. ಕೋಳಿಗಳಲ್ಲಿ ದೊಡ್ಡವರು ಚಿಕ್ಕವರು ಅನ್ನುವ ಸಾಲು ಇದೆ. ನಾರ್ವೆಯ ಥೋರ್ಲೀಫ್ ಶೆಲ್ಡೆರುಪ್ ಎಬ್ಬೆ 1921ರಲ್ಲೇ ಅದನ್ನು ಬರೆದಿಟ್ಟಿದ್ದ. ಎತ್ತರದ ಗಳು ಒಂದೇ ಇದ್ದರೆ ದಿನಾ ಸಂಜೆ ಕುಕ್ಕಾಟ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಗಿರಿರಾಜದಂಥ ಭಾರಿ ಮೈಯ ತಳಿಯಾದರೆ ಗಳು ಎರಡಡಿಗಿಂತ ಮೇಲೆ ಬೇಡ, ಧುಮುಕುವಾಗ ಕಾಲಿಗೆ ಪೆಟ್ಟು. ಮೊಟ್ಟೆಯಿಡುವ ಡಬ್ಬ ಮಾತ್ರ ಗಳುವಿಗಿಂತ ಕೆಳಗಿರಲಿ. ಇಲ್ಲದಿದ್ದರೆ ಅದರಲ್ಲೇ ಮಲಗಿ ಗಲೀಜು ಮಾಡುತ್ತವೆ. ನಾಲ್ಕೈದು ಹೇಂಟೆಗೆ ಒಂದು ಡಬ್ಬ, ಒಂದಡಿ ಚೌಕ, ಒಳಗೆ ತುಸು ಕತ್ತಲು. ಮೂಲೆಯಲ್ಲೊಂದು ಹಳೇ ಬಾಂಡಲಿ ತುಂಬ ಒಣ ಮಣ್ಣು, ಒಲೆಯ ಬೂದಿ. ಹೇನು ಕಳೆಯಲು ಅದರಲ್ಲಿ ಹೊರಳಾಡುತ್ತವೆ.

ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ಕೊಡುವ ಆರು ಮೂಲೆಯ ತೆಳು ತಂತಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ನಾಯಿ ಅದನ್ನು ಹಲ್ಲಲ್ಲೇ ಹರಿಯುತ್ತದೆ. ಅರ್ಧ ಇಂಚಿನ ಕಣ್ಣಿನ ವೆಲ್ಡ್ ಮೆಷ್ ದುಬಾರಿ, ಆದರೆ ಮುಂಗುಸಿ, ಹೆಗ್ಗಣ, ಹಾವು ಮೂರಕ್ಕೂ ಅದೇ. ಗೋಡೆಯ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ಅಗಲದ ಮೆಷ್ ಹಾಸಿ ಮಣ್ಣು ಮುಚ್ಚಿದ್ದೇನೆ. ನೆಲ ಕೊರೆಯುವ ಪ್ರಾಣಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ಹಿಂದೆ ಸರಿದು ಅಗೆಯೋಣ ಅಂತ ಅದಕ್ಕೆ ಹೊಳೆಯುವುದಿಲ್ಲ.

ವಿದೇಶದ ವಿಡಿಯೊ ನೋಡಿದವರು ಬಲ್ಬ್ ಹಾಕಬೇಕಲ್ವಾ ಅಂತ ಕೇಳುತ್ತಾರೆ. ಬೆಳಕು ಕೋಳಿಯ ತಲೆಬುರುಡೆಯನ್ನೇ ದಾಟಿ ಮಿದುಳಿಗೆ ತಲುಪಿ ಮೊಟ್ಟೆಯ ಹಾರ್ಮೋನುಗಳನ್ನು ಎಬ್ಬಿಸುವುದು ನಿಜ. ಆದರೆ ಡಿಸೆಂಬರಿನಲ್ಲಿ ಲಂಡನ್ನಿನ ಹಗಲು 8 ಗಂಟೆಗೂ ಕಡಿಮೆ, ಬೆಂಗಳೂರಿನದ್ದು 11 ಗಂಟೆಗೂ ಹೆಚ್ಚು. ಮನೆ ಮಟ್ಟಿಗೆ ಮೊಟ್ಟೆ ಬೇಕೆನ್ನುವವರಿಗೆ ಬಲ್ಬಿನ ಖರ್ಚು ದಂಡ.

ಹೊಸ ಗೂಡು ಆದ ಮೇಲೆ ಒಂದು ವಾರ ಎಲ್ಲವನ್ನೂ ಒಳಗೇ ಇಟ್ಟು ಮೇವು ಹಾಕಿದೆ. ಬಾಗಿಲು ತೆಗೆದ ದಿನ ಸಂಜೆ ಏಳು ಕೋಳಿ ತಾವಾಗಿ ಬಂದು ಗಳುವಿನ ಮೇಲೆ ಕೂತವು. ಅಜ್ಜಿ ಎಣಿಸಿ, "ಇನ್ನೊಂದೆಲ್ಲಪ್ಪಾ?" ಅಂದರು. ಕರಿ ಹೇಂಟೆ ಸೀಬೆ ಮರದಲ್ಲೇ ಇತ್ತು. ಈಗಲೂ ಅಲ್ಲೇ ಕೂರುತ್ತದೆ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಹಾರುವುದಿಲ್ಲ. ದಿನಾ ಎಂಟು ಗಂಟೆಗೆ ಸ್ಟೂಲು ಹಾಕಿಕೊಂಡು, ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ತಂದು ಗಳುವಿನ ತುದಿಗೆ ಕೂರಿಸುತ್ತೇನೆ. ಕೊಕ್ಕೊಕ್ಕೋ ಅಂತ ಗೊಣಗಿ ಕಣ್ಣು ಮುಚ್ಚುತ್ತದೆ.